ಹದಿನೇಳನೆಯ ಮೊಳೆ

ಕೃಕಾ ನದಿ ಹೊರಳುವ ಕಡೆ ನಮ್ಮ ತಂಗುಮನೆ,
ಆರು ಕೋಣೆ, ಉದ್ದನೆಯ ಊಟದ ಪಡಸಾಲೆ,
ಹಿತ್ತಲಲ್ಲಿ ಕುದುರೆಲಾಯ. ಕುದುರೆ ಹೋಗಿ ಮೂವತ್ತು ವರ್ಷ;
ಮಳೆ ಬಂದರೆ ಅದರ ವಾಸನೆ ಈಗಲೂ ಎದ್ದು ನಿಲ್ಲುತ್ತದೆ.

ಸುಣ್ಣ ಬಳಿದೆವು. ಮೊಳೆ ಹೊಡೆದೆವು.
ಸ್ರೆಚ್ಕೊ ಮನೆಮನೆಯ ಅಟ್ಟ ಹತ್ತಿ ಇಳಿಸಿ ತಂದ:
ನೇಗಿಲ ಗುಳ, ತೂರುವ ಮರ, ಕೋಸು ಹೆರೆಯುವ ಮಣೆ,
ಜೇನುಪೆಟ್ಟಿಗೆಯ ಹಲಗೆಯ ಮೇಲೆ
ಬೇಟೆಗಾರನಿಗೆ ಕ್ಷೌರ ಮಾಡುವ ನರಿ.
ನಾನು ರಾತ್ರಿ ಕೂತು ಚೀಟಿ ಬರೆದೆ.
ಒಂದು ಮಾತ್ರ, ಎರಡು ತೂತು, ಒಂದು ಹಿಡಿ,
ಏನೆಂದು ಯಾರಿಗೂ ಗೊತ್ತಿಲ್ಲ: ‘ಮರದ ಸಾಮಾನು’ ಎಂದೆ.

ಭಾನುವಾರ ಮೇಯರ್ ಬಂದರು. ರಿಬ್ಬನ್ನಿಗೆ
ಅಡುಗೆಮನೆಯ ಕತ್ತರಿ, ಮೀನಿನ ರೆಕ್ಕೆ ಕತ್ತರಿಸುವುದು,
ಎರಡು ಸಲ ಕಚ್ಚಿ ಮೂರನೆಯದಕ್ಕೆ ಒಪ್ಪಿತು.
ಚಪ್ಪಾಳೆ. ಅಣಬೆ ಸಾರು. ಹುಳಿ ಹುಳಿ ಕೆಂಪು ವೈನು.

ಜೆಫಾ ಬಂದಿದ್ದಳು, ಎಂಬತ್ತೆಂಟು, ಕನ್ನಡಕ ಹಣೆಯ ಮೇಲೆ.
ಹದಿನೇಳನೆಯ ಮೊಳೆಯ ಮುಂದೆ ನಿಂತು
ನನ್ನ ಅಕ್ಷರ ಗಟ್ಟಿಯಾಗಿ ಓದಿದಳು:
‘ಉದ್ದ ಹಿಡಿಯ ಕುಡುಗೋಲು. ಗಂಡಸರು ಬಳಸುತ್ತಿದ್ದುದು.’
‘ಯಾವ ಗಂಡಸರು?’ ಎಂದಳು.
ಯಾರೂ ಉತ್ತರಿಸಲಿಲ್ಲ. ಕೇಳಿದ್ದು ನನ್ನನ್ನೇ ಇರಬೇಕು.

ತೆಗೆದಳು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.
‘ಹಣಿಸದೆ ನೇತುಹಾಕಿದ್ದೀ. ಇದು ಕುಡುಗೋಲಲ್ಲ, ಕೋಟಿನ ಹ್ಯಾಂಗರು.’
ಪಕ್ಕದ ಮೊಳೆಯ ಹಸುಗೊಂಬು ಸೊಂಟಕ್ಕೆ ಸಿಕ್ಕಿಸಿ
ಮೇಯರ್ ಕೈಯ ಲೋಟ ಕಸಿದು ಅದರೊಳಗೆ ಸುರಿದಳು:
‘ಸಾಣೆಕಲ್ಲಿಗೆ ಹುಳಿ ಬೇಕು. ನಿನಗಿಂತ ಅದಕ್ಕೆ ಹೆಚ್ಚು ಬಾಯಾರಿದೆ.’
ಕಲ್ಲು ಅದ್ದಿ ಎರಡೂ ಕಡೆ ತೀಡಿದಳು.

ಕಾರುಗಳ ಹಿಂದೆ, ಯಾರೂ ಕೊಯ್ಯದ ಬದುವಿನಲ್ಲಿ
ಸರಕ್ಕನೆ ಒಂದು ಬೀಸು. ಹುಲ್ಲು ಒಂದು ಕ್ಷಣ ಹಾಗೇ ನಿಂತು
ಆಮೇಲೆ ನೆನಪಾದಂತೆ ಮಲಗಿತು.
ಇಪ್ಪತ್ತು ಬೀಸು. ಸಾಲು ಸೊಟ್ಟ.
ಏದುಸಿರು ಬಿಡುತ್ತ ಬಿಯರ್ ಕ್ರೇಟಿನ ಮೇಲೆ ಕೂತಳು,
‘ಮೊಣಕಾಲು ಸತ್ತಿದೆ, ಸೊಂಟ ಇನ್ನೂ ಕೆಲಸದಲ್ಲಿದೆ’ ಎಂದು ನಕ್ಕಳು.

ಸಂಜೆ ಕುಡುಗೋಲನ್ನು ಹಾಗೆಯೇ ತೂಗುಹಾಕಿದೆ.
ಹೊಸ ಸುಣ್ಣದ ಮೇಲೆ ಹಸಿರು ರಸ ಗೆರೆಯಾಗಿ ಇಳಿಯಿತು.
ಒರೆಸಲು ಬಟ್ಟೆ ತಂದ ಸ್ರೆಚ್ಕೊಗೆ ಬೇಡವೆಂದೆ.
ಚೀಟಿ ಕಿತ್ತು, ಹೊಸದರಲ್ಲಿ ‘ಜೆಫಾ’ ಎಂದಷ್ಟೇ ಬರೆದು
ಮುಂದೇನೆಂದು ಪೆನ್ನು ಕಚ್ಚುತ್ತಿರುವಾಗ ಹೊಳೆಯಿತು:
ಅಯ್ಯೋ, ಆ ಮರದ ಸಾಮಾನು ಏನೆಂದು
ಅವಳನ್ನು ಕೇಳುವುದೇ ಮರೆತೆನಲ್ಲ.