ಮೇಲಿನ ಹೋಸು, ಕೆಳಗಿನ ಹೋಸು

ಜುಲೈ. ವಾದಿ ಕಬೀರಿನ ಸನಾಯಿಯಾ, ತಗಡಿನ ಮಾಡಿನ ಕೆಳಗೆ
ಪಾನಾ ಮುಟ್ಟಿದರೆ ಬೊಬ್ಬೆ ಏಳುವ ಹೊತ್ತು.
ಖಲ್ಫಾನ್ ಬಂದ, ಎಂಬತ್ತೊಂಬತ್ತರ ಕ್ರೆಸಿಡಾದಲ್ಲಿ,
ನಾಲ್ಕೂ ಗಾಜು ಇಳಿಸಿ, ತಲೆಗೊಂದು ಒದ್ದೆ ಟವೆಲು ಸುತ್ತಿ,
ಹೀಟರ್ ಹಾಕಿಕೊಂಡು.

ನಗಬೇಡಿ. ಹಳೆ ಕಾರಿನವರಿಗೆ ಗೊತ್ತು ಈ ಉಪಾಯ:
ಎಂಜಿನ್ನಿನ ಬೇಗೆಯನ್ನಷ್ಟು ನಮ್ಮ ಕಾಲಿಗೆ ಸುರಿದುಕೊಂಡರೆ
ಮುಳ್ಳು ಕೆಂಪಿನಿಂದ ಕೂದಲೆಳೆಯಷ್ಟು ಇಳಿಯುತ್ತದೆ.
ಹನ್ನೊಂದು ಬೇಸಿಗೆ ಹಾಗೇ ಓಡಿಸಿದ್ದಾನಂತೆ
ಮತ್ರಾ ಬಂದರಿಗೆ, ಬಂದರಿನಿಂದ ಮನೆಗೆ,
ಡಿಕ್ಕಿಯಲ್ಲಿ ಮೀನಿನ ಪೆಟ್ಟಿಗೆ.
ಮೀನಿಗೆ ಐಸು, ಇವನಿಗೆ ಹೀಟರು.

"ಓಡುವಾಗ ಏನಿಲ್ಲ ಸದೀಕ್, ನಿಂತರೆ ಕುದಿಯುತ್ತದೆ."
ನಮಗೂ ಹಾಗೇ, ಅಂದೆ, ಶುಕ್ರವಾರ ಬಂದರೆ.
ಅವನಿಗೆ ಅರ್ಥವಾಗಲಿಲ್ಲ,
ಅಥವಾ ಆಗಿ ಸುಮ್ಮನಾದ.

ಬಾನೆಟ್ ಎತ್ತಿದೆ. ಎಂಜಿನ್ನಿನ ಮೂಗಿಗೇ ಕಟ್ಟಿದ ಹಳೆ ಫ್ಯಾನು.
ಸಿಗ್ನಲಿನಲ್ಲಿ ಎಂಜಿನ್ ತೂಕಡಿಸಿದರೆ ಅದೂ ತೂಕಡಿಸುತ್ತದೆ,
ಗಾಳಿ ಬೇಕಾದ ಹೊತ್ತಿಗೇ ಸರಿಯಾಗಿ.
ರೇಡಿಯೇಟರಿನ ಗುಲ್‌ಜಮಾನ್ ಕೊಳಾಯಿ ಹಿಡಿದು ತೊಳೆದ;
ಹಾಲಿಲ್ಲದ ಕಾಫಿಯಂಥ ನೀರು ಬಹಳ ಹೊತ್ತು ಇಳಿಯಿತು.
ನಾನು ಗುಜರಿಗೆ ಹೋಗಿ
ಗುದ್ದಿಸಿಕೊಂಡ ಲೆಕ್ಸಸ್ಸೊಂದರ ಹೊಟ್ಟೆಯಿಂದ
ಅವಳಿ ಫ್ಯಾನು ಬಿಚ್ಚಿ ತಂದೆ, ಹನ್ನೆರಡು ರಿಯಾಲು.

ಸುತ್ತ ಸಂದಿಯಿದ್ದರೆ ಗಾಳಿ ಕಳ್ಳದಾರಿ ಹಿಡಿಯುತ್ತದೆ.
ತಗಡು ಕತ್ತರಿಸಿ, ರಬ್ಬರ್ ಒತ್ತಿ, ಮುಚ್ಚಿದೆ.
ಆಮೇಲೆ ರಿಲೇ. ಬೆಂಕಿಪೊಟ್ಟಣದಷ್ಟು ಈ ಪೆಟ್ಟಿಗೆ ನನಗಿಷ್ಟ:
ಬಡಕಲು ಕರೆಂಟೊಂದು ಬಂದು ಬಾಗಿಲು ತಟ್ಟುತ್ತದೆ,
ಟಿಕ್,
ಒಳಗಿನಿಂದ ಧಾಂಡಿಗನೊಬ್ಬ ಎದ್ದು ಬರುತ್ತಾನೆ.
ಅವನಿಗೆ ಸಪೂರ ವೈರು ಎಳೆದವನು ಕಾರು ಸುಡುತ್ತಾನೆ.
ಪೆನ್ಸಿಲ್ ದಪ್ಪದ್ದು ಎಳೆದೆ. ಫ್ಯಾನಿಗೊಂದರಂತೆ ಫ್ಯೂಸು.

ಜೇಬಿನಲ್ಲಿದ್ದದ್ದು ಊರಿಗೆ ದುಡ್ಡು ಕಳಿಸಿದ ರಸೀದಿ.
ಗ್ರಿಲ್ಲಿನೆದುರು ಹಿಡಿದೆ. ಫ್ಯಾನು ಗುಂಯ್ ಅಂತು,
ರಸೀದಿ ಅಂಟಲಿಲ್ಲ; ಕೈ ತಪ್ಪಿ ಹಾರಿ
ಆಚೆ ಟೈರಿನಂಗಡಿಯ ಬಾಗಿಲಿಗೆ ಹೋಯಿತು.
ಗುಲ್‌ಜಮಾನ್ ನಕ್ಕು ನಕ್ಕು ಕೆಮ್ಮಿದ.
ಇಪ್ಪತ್ತಾರು ವರ್ಷದ ಎಲೆಕ್ಟ್ರಿಷಿಯನ್ನು,
ಕೆಂಪು ಕಪ್ಪು ಅದಲುಬದಲು ಮಾಡಿದ್ದೆ.

ವೈರು ತಿರುಗಿಸಿ, ರಸೀದಿ ಹೆಕ್ಕಿ ತಂದು, ಮತ್ತೆ ಹಿಡಿದೆ.
ಈ ಸಲ ಗ್ರಿಲ್ಲು ಅದನ್ನು ಸೆಳೆದುಕೊಂಡು ಎದೆಗವುಚಿತು,
ತಂಗಿಯ ಹೆಸರು, ಮೊತ್ತ, ಎಲ್ಲ ಓದುವ ಹಾಗೆ.

ಅಪ್ಪ ಕುಂದಾಪುರದ ಹಂಚಿನ ಭಟ್ಟಿಯಲ್ಲಿದ್ದ.
ಹಂಚಿನ ಮೇಲೆ ಉಗುಳಿ, ಅದು ಆರುವ ಸದ್ದಿನಲ್ಲಿ ಬಿಸಿ ಹೇಳುತ್ತಿದ್ದ.
ನನಗೆ ಹೋಸುಗಳಿವೆ.
ಮೇಲಿನದು ಸುಡಬೇಕು, ಕೆಳಗಿನದು ಕೈಗೆ ದಕ್ಕಬೇಕು;
ಆ ಎರಡರ ನಡುವಿನ ಅಂತರವೇ ನನ್ನ ಕೂಲಿ.

ಮುಕ್ಕಾಲು ಗಂಟೆ ನಿಂತಲ್ಲೇ ಓಡಿಸಿದೆವು, ಎಸಿ ಹಾಕಿ.
ಫ್ಯಾನು ಎದ್ದಾಗಲೊಮ್ಮೆ ಹೆಡ್‌ಲೈಟು ಕಣ್ಣು ಕಿರಿದು ಮಾಡಿತು,
ಹಳೆ ಆಲ್ಟರ್ನೇಟರು, ಒಂದೇ ಬಾವಿಗೆ ಹಲವು ಕೊಡ.
ಮುಳ್ಳು ನಡುವಿನಲ್ಲಿ ಕೂತು ಏಳಲಿಲ್ಲ.

ಕೀಲಿ ತೆಗೆದ ಮೇಲೂ ಫ್ಯಾನು ತಿರುಗುತ್ತಲೇ ಇತ್ತು.
"ಬಂದ್ ಮಾಡು, ಬಂದ್ ಮಾಡು" ಖಲ್ಫಾನ್ ಗಾಬರಿಯಾದ.
ಬಿಡು, ಅದರ ಪಾಡಿಗೆ ನಿಲ್ಲುತ್ತದೆ, ಅಂದೆ.
ಬಂಪರಿಗೆ ಒರಗಿ ಇಬ್ಬರೂ ಕಾದೆವು. ಸುಲೈಮಾನಿ ಬಂತು.
ಅರ್ಧ ಲೋಟ ಖಾಲಿಯಾಗುವಾಗ, ಟಿಕ್.

ಎರಡು ರಿಯಾಲು ಕಡಿಮೆ ಕೊಟ್ಟ. ಖಲಾಸ್ ಅಂದ. ಹೊರಟ.
ಗೇಟಿನ ಹತ್ತಿರ ನೋಡಿದೆ: ನಾಲ್ಕೂ ಗಾಜು ಮತ್ತೆ ಕೆಳಗೆ,
ಟವೆಲು ತಲೆಯ ಮೇಲೆ, ಕೈ ತನ್ನಷ್ಟಕ್ಕೇ
ಹೀಟರಿನ ಗುಂಡಿ ತಿರುಗಿಸುತ್ತಿದೆ.
ಹೀಟರು! ಹೀಟರು! ಓಡುತ್ತ ಕೂಗಿದೆ.
ಬೀಳ್ಕೊಡುಗೆ ಅಂದುಕೊಂಡನೇನೋ,
ಕಿಟಕಿಯಿಂದ ಕೈ ಚಾಚಿ ಬೀಸುತ್ತ
ಅಲ್ ಬುಸ್ತಾನಿನ ಏರು ಹತ್ತಿದ.