ಹೊಕ್ಕುಳ ಮರ

ಹಳದಿ ಬಣ್ಣದ ಡಬ್ಬ, ಅಳತೆ ಪಟ್ಟಿ, ಒಂದು ನೋಟ್‌ಬುಕ್ಕು.
ಮೇ ಚೇಮ್ ಕಣಿವೆ ದಾಟಿ, ಇಪ್ಪತ್ತೆರಡು ತಿರುವು ಹತ್ತಿ
ಆ ಕರೆನ್ ಊರಿಗೆ ಹೋಗಿದ್ದೆ,
ವಿದ್ಯುತ್ ತಂತಿ ಹಾಯುವ ದಾರಿಯ ಮರ ಎಣಿಸಲು.
ಎದೆಮಟ್ಟದಲ್ಲಿ ಸುತ್ತಳತೆ, ಮೇಲೊಂದು ನಂಬರು.
ಅಷ್ಟೇ ಕೆಲಸ. ಮಧ್ಯಾಹ್ನಕ್ಕೆ ನಲವತ್ತೊಂದಾಗಿತ್ತು.

ನಲವತ್ತೆರಡನೆಯದು ಓಕ್. ಅದರ ಕೊರಳಿಗೊಂದು
ಬಿದಿರಿನ ಅಂಡೆ, ಬೆತ್ತದಲ್ಲಿ ಬಿಗಿದದ್ದು,
ಬಾಯಿಗೆ ಬಟ್ಟೆ, ಒಣಗಿ ಬೂದಿಯ ಬಣ್ಣ.
ಜೇನಿಗಿರಬೇಕೆಂದು ಕೈ ಚಾಚಿದೆ.

"ಅದು ಚೋಡೆ," ಎಂದಳು ಹಿಂದಿನಿಂದ ಒಬ್ಬಾಕೆ,
ಬೆನ್ನಿಗೆ ಸೌದೆ ಬುಟ್ಟಿ, ಹಣೆಗೆ ಅದರ ಪಟ್ಟಿ,
ಬಾಯಲ್ಲಿ ನಂದಿದ ಪೈಪು.
"ಚಿಯಾಂಗ್ ಮಾಯಿಯಲ್ಲಿ ಟೈರು ರಿಪೇರಿ ಮಾಡುತ್ತಾನೆ.
ಮೆಲ್ಲಗೆ ಮುಟ್ಟು."

ಹೆಸರು ನೋ ಬೂಪೋ. ಊರಿನ ಅರ್ಧ ಜನರನ್ನು
ಭೂಮಿಗೆ ಇಳಿಸಿಕೊಂಡ ಕೈ ಅವಳದು.
ಕೂಸು ಬಿದ್ದ ಬೆಳಿಗ್ಗೆ, ಅಂಡೆಯೊಳಗಿಟ್ಟು,
ಹೊಕ್ಕುಳಬಳ್ಳಿಯನ್ನು ಅಪ್ಪ ಕಾಡಿಗೊಯ್ಯುತ್ತಾನೆ.
ಬಳ್ಳಿಯಲ್ಲವೇ,
ಹಬ್ಬಲು ಮರ ಬೇಕು.

ಮುಂದೆ ನಡೆದಳು, ನಂಟರ ಮನೆಯಲ್ಲಿ ಪರಿಚಯ ಹೇಳುವ ಹಾಗೆ:
ಈ ತಾರೆ ಮರ ಸುವೀ, ಶಾಲೆಯ ಟೀಚರು, ಸಿಡುಕಿ.
ಆ ಹಲಸು ಪಾದೀ; ಹೋದ ಮಳೆಗಾಲ ಕೊಂಬೆ ಮುರಿದಾಗ
ಮೂರು ದಿನ ಅವನಿಗೆ ಜ್ವರ.
ಕೊನೆಗೆ ಏಣಿಯ ಮೆಟ್ಟಿಲು ತಟ್ಟಿ, ಮೊಟ್ಟೆ ಅನ್ನ ಇಟ್ಟು
ಹೋದ ಜೀವವನ್ನು ಕೂಗಿ ಕರೆದೆವು.
"ಬಂತೇ?"
"ಬರದೆ? ಹಸಿದಿತ್ತು."

ಒಂದು ಮೈಗೆ ಮೂವತ್ತೇಳು ಜೀವವಂತೆ.
ಕೆಲವು ಅಲೆಮಾರಿ: ಮಿಡತೆಯೊಳಗೆ, ಮಂಗಟ್ಟೆಯೊಳಗೆ.
ಒಂದಂತೂ ಮಹಾ ಸೋಮಾರಿ,
ಮರ ಬಿಟ್ಟು ಕದಲದು.

"ನಿನ್ನ ಬಳ್ಳಿ ಎಲ್ಲಿ?"
ಲಂಪಾಂಗಿನ ದೊಡ್ಡಾಸ್ಪತ್ರೆ. ಬಕೆಟ್ಟು. ಆಮೇಲೆ ಗೊತ್ತಿಲ್ಲ.
ಅವಳು ಏನೂ ಅನ್ನಲಿಲ್ಲ. ಪೈಪು ಹೊತ್ತಿಸಿದಳು.
ಸಾವಿನ ಮನೆಯಲ್ಲಿ ಹಾಗೆ ಸುಮ್ಮನಿರುತ್ತಾರೆ.

ಆ ರಾತ್ರಿ ನಕ್ಷೆ ಹರಡಿ, ಪೆನ್ಸಿಲು ಚೂಪು ಮಾಡಿ
ತಂತಿಯ ದಾರಿಯನ್ನು ತೆಂಕಕ್ಕೆ ಅರವತ್ತು ಮೀಟರು ಸರಿಸಿದೆ.
ಅಲ್ಲಿ ಅಂಡೆಯಿಲ್ಲ, ಹೆಸರಿಲ್ಲ. ಬರೀ ಮರ.
ಮೇಲಿನವರು ಒಪ್ಪಿದರು, ಒಂದು ಕಂಬ ಉಳಿಯಿತು ಎಂದು.
ಸುದ್ದಿ ಹೇಳಲು ಮತ್ತೆ ಬೆಟ್ಟ ಹತ್ತಿದೆ,
ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ,
ಕಾಲಲ್ಲಿ ಉಪಕಾರ ಮಾಡಿದವನ ನಡಿಗೆ.

ಅಕ್ಕಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.
"ತೆಂಕಲ ಮರಗಳು ಯಾರವೆಂದುಕೊಂಡೆ?"
"ಯಾರವೂ ಅಲ್ಲ ಅಜ್ಜಿ. ವಿಚಾರಿಸಿಯೇ ಬರೆದದ್ದು."
"ಯಾರವೂ ಅಲ್ಲ."
ಹೊಟ್ಟು ಊದಿದಳು. ನನ್ನ ಕಡೆಗೇ ಬಂತು.
"ಮರಕ್ಕೆ ಮಗುವನ್ನು ಕಟ್ಟಿದ್ದು ಮರ ಉಳಿಯಲೆಂದಲ್ಲ, ತಮ್ಮಾ.
ಮಗು ಉಳಿಯಲೆಂದು.
ಅಷ್ಟು ದೊಡ್ಡದರ ಸೆರಗು ಹಿಡಿದರೆ
ಇಷ್ಟು ಚಿಕ್ಕದು ಬದುಕೀತು ಎಂದು.
ಆ ಕಡೆಯವು ಯಾರ ಕೂಸನ್ನೂ ಹೊತ್ತಿಲ್ಲ, ನಿಜ.
ಹೆರಲಿಲ್ಲವೆಂದು ಹೆಂಗಸನ್ನು ಕಡಿಯುತ್ತೀಯಾ?"

ಗರಗಸ ಬಂದದ್ದು ಗುರುವಾರ.
ಹಿಂದಿನ ರಾತ್ರಿ, ಸೀಸೆಯಲ್ಲಿ ಅಕ್ಕಿಯ ಹೆಂಡ ಹಿಡಿದು
ಅವಳು ತೆಂಕಲಿಗೆ ಹೋದಳು.
ನೂರ ಹದಿನಾಲ್ಕು ಮರ. ಒಂದೊಂದರ ಬುಡಕ್ಕೂ ಒಂದು ಗುಟುಕು,
ಒಂದೊಂದಕ್ಕೂ ಬಾಗಿ, ತನ್ನ ಮಾತಿನಲ್ಲಿ, ಏನೋ.
ಟಾರ್ಚು ಹಿಡಿದವನು ನಾನು.
ಅರ್ಥವಾಗಲಿಲ್ಲ.
ನನ್ನ ಹೆಸರು ಮಾತ್ರ ಕೇಳಿಸಿತು,
ನೂರ ಹದಿನಾಲ್ಕು ಸಲ.

ಈಗಲೂ ಎಣಿಸುತ್ತೇನೆ. ಅದೇ ಡಬ್ಬ, ಅದೇ ಸಂಬಳ.
ಆದರೆ ಕುಂಚ ಎತ್ತುವ ಮುಂಚೆ
ತುಸು ದೂರದಲ್ಲೇ ನಿಂತು ಒಮ್ಮೆ ಕೆಮ್ಮುತ್ತೇನೆ,
ಗುರುತಿಲ್ಲದವರ ಹೊಸ್ತಿಲಲ್ಲಿ ಕೆಮ್ಮುವ ಹಾಗೆ,
ಒಳಗೆ ಯಾರು ಹೇಗಿದ್ದಾರೋ ಎಂದು.