ನಂಬರು ನೂರಾ ಹದಿನೇಳು

ಟೇಕಲ್ ಸ್ಟೇಷನ್ನಿನ ಹಿಂದೆ, ಗೂಡ್ಸು ನಿಲ್ಲುವ ಕಡೆ,
ಜಾಲಿಯ ನಡುವೆ ಇನ್ನೂ ಬಿದ್ದಿದೆ ಆ ಬಂಡೆ.
ಮೇಲೆ ಕೆಂಪು ಪೇಂಟಿನ ಅಂಕಿ, ನನ್ನದೇ ಕೈ.
ಎರಡೂ ಒಂದುಗಳು ಮಾಸಿವೆ.
ಏಳು ಉಳಿದಿದೆ, ನಡುವಿಗೆ ಅಡ್ಡಗೀಟು ಹಾಕಿದ ಏಳು.

ಆ ಗೀಟು ಕಲಿಸಿದವನು ಇಟಲಿಯ ಜೀನೋ.
ಹೆಸರು ಕೇಳಿದ ದಿನವೇ ಕಲ್ಲುಕುಟಿಗರು ನಕ್ಕಿದ್ದರು.
ಜೀನನೇ ಸರಿ, ಪ್ರತಿ ಮಗ್ಗುಲಿಗೂ
ನಾಲ್ಕು ಬೆರಳು ಮುರಿದುಕೊಂಡೇ ಅಳೆಯುತ್ತಾನೆ,
ಮೂಲೆ ಮುಕ್ಕಾದರೆ ಅದಕ್ಕೆ ಬೇರೆ.
ಅಳತೆಗೆ ಮುಂಚೆ ನಾಗುಲಮ್ಮನ ಬಿಂದಿಗೆ ಇಸಕೊಂಡು
ಬಂಡೆಯ ಮೈಮೇಲೆ ಸುರಿಯುತ್ತಿದ್ದ.
ಒದ್ದೆಯಾದಾಗಲೇ ಕಲ್ಲು ನಿಜ ಹೇಳುತ್ತದಂತೆ:
ಕೂದಲೆಳೆಯ ಬಿರುಕು, ಕಪ್ಪು ಮಚ್ಚೆ, ಒಳಗಿನ ತುಕ್ಕು,
ಆರುವ ಮೊದಲು ಓದಿಬಿಡಬೇಕು.
ಕುಡಿಯುವ ನೀರದು. ನಾಗುಲಮ್ಮ ತೆಲುಗಿನಲ್ಲಿ ಬೈಯುತ್ತಿದ್ದಳು.
ಅವನು ಗ್ರಾತ್ಸಿಯೆ ಎನ್ನುತ್ತಿದ್ದ.

ಅದು ತೊಂಬತ್ತೆರಡು. ಹಿಂದಿನ ವರ್ಷ ನಮ್ಮ ರೂಪಾಯಿ ಜಾರಿತ್ತು,
ಜಾರಿದ್ದಕ್ಕೇ ಅವನು ಬಂದಿದ್ದ,
ನಮ್ಮ ಬೆಟ್ಟ ಅವನಿಗೆ ಅಗ್ಗವಾಗಿತ್ತು.
ಹೊಂಗೆ ನೆರಳಲ್ಲಿ ಕೂತು ಹೇಳಿದ, ಅರ್ಧ ಇಂಗ್ಲಿಷು, ಅರ್ಧ ಕೈ:
ನಮ್ಮಪ್ಪ ಕತ್ತೆಯ ಮೇಲೆ ಹುಲ್ಲು ಹೇರಿದವನು,
ನನಗೆ ಎರಡು ಕಾರು.
ಐದು ವರ್ಷದ ಕೆಳಗೆ ನಾವು ಇಂಗ್ಲೆಂಡನ್ನೇ ಹಿಂದೆ ಹಾಕಿದೆವು, ಗೊತ್ತಾ?
ಗುಂಟಪ್ಪನಿಗೆ ಇದು ಹಿಡಿಸಿತು. ಅವನ ತಾತ
ಚಿನ್ನದ ಗಣಿಯಲ್ಲಿ ಇಂಗ್ಲಿಷ್ ದೊರೆಯ ಬೂಟು ಕಂಡವನು.
ಅವರನ್ನು ಹಿಂದೆ ಹಾಕಿದವನಿಗೆ ಅವತ್ತು
ಮುದ್ದೆಯ ಜೊತೆ ಕೋಳಿಸಾರು.

ಬ್ಯಾಂಕಿಗೆ ನೆಲ, ಏರ್‌ಪೋರ್ಟಿಗೆ ನೆಲ, ಸತ್ತವರಿಗೆ ಹೊದಿಕೆ,
ಎಲ್ಲಕ್ಕೂ ನಮ್ಮ ಬೂದುಗಲ್ಲು.
ಇಷ್ಟೆಲ್ಲ ಯಾವ ದುಡ್ಡಲ್ಲಿ ಕೊಳ್ಳುತ್ತೀರಿ, ಕೇಳಿದೆ.
ಸಾಲದಲ್ಲಿ, ಎಂದು ನಕ್ಕ; ನಮ್ಮ ಸರ್ಕಾರದ್ದೂ ಅದೇ.

ಹೊರಡುವಾಗ ಒಂದು ನೋಟು ಕೊಟ್ಟ. ಸಾವಿರ!
ಮೇಲೆ ಟೀಚರಮ್ಮನಂಥ ಒಬ್ಬ ಅಜ್ಜಿ.
ರಾತ್ರಿಯೆಲ್ಲ ಸೊನ್ನೆ ಎಣಿಸಿದೆ.
ಮಾಲೂರಿನ ಬ್ಯಾಂಕಿನವರು ಕನ್ನಡಕ ಏರಿಸಿದರು:
ಇಪ್ಪತ್ತೈದು ರೂಪಾಯಿ ಆಗಬಹುದು, ನಾವು ತಗೊಳ್ಳೋದಿಲ್ಲ.

ಪಿತೃಪಕ್ಷದಲ್ಲಿ ಪಾಪಿರೆಡ್ಡಿಯವರ ಜೀಪು ಧೂಳೆಬ್ಬಿಸಿ ಬಂತು.
ಇಳಿಯದೆಯೇ ಕೂಗಿದರು: ಲೀರಾ ಬಿತ್ತು!
ಸುತ್ತಿಗೆಗಳೆಲ್ಲ ಒಮ್ಮೆಗೇ ನಿಂತವು.
ಕ್ವಾರಿಯಲ್ಲಿ ಬಿತ್ತು ಎಂದರೆ ಒಂದೇ ಅರ್ಥ.
ಎವರಿ ಮೀದ? ಎವರಿ ಮೀದ?
ಯಾರ ಮೇಲೆ ಎಂದು ಗುಂಟಪ್ಪ ಓಡಿದ. ನಾಗುಲಮ್ಮ
ಗಂಡಸರ ತಲೆ ಎಣಿಸಿದಳು. ಹದಿನಾಲ್ಕು. ಸರಿಯಾಗಿತ್ತು.
ಯಾರ ಮೇಲೂ ಇಲ್ಲ ಕಣ್ರೋ, ಎಂದರು ರೆಡ್ಡಿಯವರು,
ದುಡ್ಡು, ಅವರ ದೇಶದ ದುಡ್ಡು.
ಥೂ ಎಂದು ಉಗಿದು ಎಲ್ಲರೂ ಮತ್ತೆ ಸುತ್ತಿಗೆ ಎತ್ತಿದರು.

ಯಾರ ಮೇಲೆ ಎಂದು ತಿಳಿಯಲು ದೀಪಾವಳಿ ಆಗಬೇಕಾಯಿತು.
ಮದ್ರಾಸಿಗೆ ಹೊರಟ ಹನ್ನೊಂದು ಬಂಡೆ ಸ್ಟೇಷನ್ನಿನಲ್ಲೇ ಕೂತವು.
ವಾರದ ಬಟವಾಡೆ ಹದಿನೈದು ದಿನಕ್ಕಾಯಿತು, ಆಮೇಲೆ ಕೇಳಬೇಡಿ.
ಹತ್ತನ್ನು ಸೀಳಿ ದ್ರಾಕ್ಷಿ ಚಪ್ಪರದ ಕಂಬ ಮಾಡಿ ಮಾರಿದೆವು.
ಗುಂಟಪ್ಪ ಹೊಸೂರಿನ ಕಡೆ ಹೋದ.
ಜೀನೋ ಒಂದು ಕಾಗದ ಬರೆದ:
ಒಂದು ಕಾರು ಮಾರಿದೆ. ಈಗ ನಮ್ಮ ಬೆಟ್ಟ ಅಗ್ಗ.
ನೀವೇ ಬನ್ನಿ, ನೀರು ನಾನು ತರುತ್ತೇನೆ.

ಹತ್ತು ವರ್ಷಕ್ಕೆ ಲೀರಾ ಸತ್ತೇಹೋಯಿತು, ಪೇಪರಿನಲ್ಲಿ ಎರಡು ಸಾಲು.
ಅಜ್ಜಿ ಇದ್ದಾಳೆ, ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ.
ಗ್ಯಾಸಿನ ಚೀಟಿ, ಮೊಬೈಲು ನಂಬರು, ಎಲ್ಲಿ ಏಳು ಬಂದರೂ
ನನ್ನ ಕೈ ಅಡ್ಡಗೀಟು ಎಳೆಯುತ್ತದೆ.
ಅದಕ್ಕೇ ನಿಮ್ಮ ಏಳಿಗೆ ಆಗಲಿಲ್ಲ, ಎನ್ನುತ್ತಾಳೆ ಹೆಂಡತಿ,
ನೀವೇ ಗೀಟು ಹಾಕಿಕೊಂಡಿರಿ.

ಮೊನ್ನೆ ತುಂತುರು. ನೂರಾ ಹದಿನೇಳು ಒದ್ದೆಯಾಗಿ ಕಪ್ಪಾಗಿತ್ತು.
ಹತ್ತಿರ ಹೋಗಿ ಓದೋಣವೆಂದು ಕೊಡೆ ಮಡಿಸಿದೆ.
ಅಷ್ಟರಲ್ಲಿ ಗೂಡ್ಸು ಅಡ್ಡ ಬಂತು.
ಐವತ್ತೆಂಟು ಡಬ್ಬಿ ಎಣಿಸಿದೆ.